ಮಣಿಕಟ್ಟಿನ ಶಿಲುಬೆ, ಅಜ್ಜಿಯ ಹಚ್ಚೆ

ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯ, 28ನೇ ವಚನ. ಸಂಡೇ ಸ್ಕೂಲಿನಲ್ಲಿ ಬೆಳೆದವರಿಗೆ ಇದು ಬಾಯಿಪಾಠ. ಸತ್ತವರಿಗೋಸ್ಕರ ಮೈಗೆ ಗಾಯ ಮಾಡಿಕೊಳ್ಳಬಾರದು, ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬಾರದು, ನಾನು ಯೆಹೋವನು. ಯೌವನಸ್ಥರ ಕೂಟದಲ್ಲಿ ಯಾರೇ ಟ್ಯಾಟೂ ಮಾತೆತ್ತಲಿ, ಹಿರಿಯರೊಬ್ಬರು ಈ ವಚನ ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕೇಳಿದ ಹುಡುಗನೋ ಹುಡುಗಿಯೋ ಸುಮ್ಮನೆ ತಲೆಯಾಡಿಸುತ್ತಾರೆ. ಕೆಲವು ತಿಂಗಳಾದ ಮೇಲೆ ಏಪ್ರಿಲ್ ಬಿಸಿಲಿನಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಆರಾಧನೆಗೆ ಬರತೊಡಗುತ್ತಾರೆ.

ನಾನು ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಯೌವನಸ್ಥರ ಕೂಟ ನೋಡಿಕೊಳ್ಳುತ್ತೇನೆ. ಇತ್ತೀಚೆಗೆ ಕೂಟದ ಹುಡುಗಿಯೊಬ್ಬಳ ತಾಯಿ ಫೋನ್ ಮಾಡಿದ್ದರು. "ಬ್ರದರ್, ಕೈಮೇಲೆ ಶಿಲುಬೆ ಹಾಕಿಸ್ಕೋತೀನಿ ಅಂತ ಹಟ ಹಿಡಿದಿದ್ದಾಳೆ. ನೀವಾದ್ರೂ ಬುದ್ಧಿ ಹೇಳಿ." ಹುಡುಗಿ ಭಾನುವಾರ ಸಿಕ್ಕಾಗ ಕೇಳಿದ್ದು ಬೇರೆ. "ಅಣ್ಣಾ, ಚೆನ್ನಾಗಿರುತ್ತೋ ಇಲ್ವೋ ಅಂತ ಕೇಳ್ತಿಲ್ಲ. ಪಾಪವೋ ಅಲ್ವೋ, ಅಷ್ಟು ಹೇಳಿ." ಈ ಪ್ರಶ್ನೆಗೆ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಆಕೆ ಕೇಳುತ್ತಿರುವುದು ತನ್ನ ದೇಹ ಮತ್ತು ತನ್ನ ಕರ್ತನ ಬಗ್ಗೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಅಧ್ಯಾಯವನ್ನು ಪೂರ್ತಿ ಓದೋಣ. 27ನೇ ವಚನ ಚಂಡಿಕೆ, ಗಡ್ಡಗಳ ಅಂಚನ್ನು ಕತ್ತರಿಸಬೇಡಿ ಎನ್ನುತ್ತದೆ. 19ನೇ ವಚನ ಎರಡು ಬಗೆಯ ನೂಲಿನಿಂದ ನೇಯ್ದ ಬಟ್ಟೆ ತೊಡಬೇಡಿ ಎನ್ನುತ್ತದೆ. ಇವೆರಡನ್ನೂ ನಮ್ಮಲ್ಲಿ ಯಾರೂ ಪಾಲಿಸುತ್ತಿಲ್ಲ, ಪಾಲಿಸಬೇಕೆಂದು ಯಾರೂ ಉಪದೇಶ ಮಾಡುವುದೂ ಇಲ್ಲ. ಹಾಗಂತ "ಇದೆಲ್ಲ ಹಳೇ ಒಡಂಬಡಿಕೆ, ನಮಗೆ ಸಂಬಂಧವಿಲ್ಲ" ಎಂದು ಪುಟ ಮಗುಚಲೂ ಆಗುವುದಿಲ್ಲ. ಅದೇ ಅಧ್ಯಾಯದಲ್ಲಿ ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಿ ಎಂಬ ಮಾತಿದೆ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ ಎಂದಿದೆ. ತಲೆ ನರೆತವರ ಮುಂದೆ ಎದ್ದು ನಿಲ್ಲಿ ಎಂದಿದೆ. ಯೇಸು ಎತ್ತಿ ಹೇಳಿದ "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬ ಮಾತು ಬರುವುದೂ ಇಲ್ಲಿಯೇ, ಗಡ್ಡದ ಮಾತಿಗೆ ಒಂಬತ್ತು ವಚನ ಮೊದಲು. ಹೀಗಾಗಿ ಟ್ಯಾಟೂ ಬೇಡ ಎನ್ನುವವರೂ, ಬೇಕು ಎನ್ನುವವರೂ ತಮಗೆ ಬೇಕಾದ ಸಾಲನ್ನಷ್ಟೇ ಹರಿದುಕೊಂಡು ಹೋಗುವ ಹಾಗಿಲ್ಲ. ಈ ವಚನ ಏನನ್ನು ಬೇಡವೆನ್ನುತ್ತಿದೆ, ಯಾಕೆ ಬೇಡವೆನ್ನುತ್ತಿದೆ ಎಂದು ಕೇಳಲೇಬೇಕು.

ಉತ್ತರ ವಚನದ ಮೊದಲ ಪದಗಳಲ್ಲೇ ಇದೆ: ಸತ್ತವರಿಗೋಸ್ಕರ. ಸಾವಿನ ಮನೆಯಲ್ಲಿ ಮೈಯನ್ನು ಕೊಯ್ದುಕೊಂಡು ಅಳುವ ಪದ್ಧತಿ ಇಸ್ರಾಯೇಲಿನ ಸುತ್ತಮುತ್ತ ಇತ್ತು. ಇಸ್ರಾಯೇಲಿನ ಒಳಗೂ ಇತ್ತು ಅನ್ನುವುದು ಯೆರೆಮೀಯನ 16ನೇ ಅಧ್ಯಾಯ ಓದಿದರೆ ತಿಳಿಯುತ್ತದೆ. ಧರ್ಮೋಪದೇಶಕಾಂಡ 14:1 ಇದನ್ನೇ ಇನ್ನೊಮ್ಮೆ ಹೇಳಿ ಕಾರಣವನ್ನೂ ಕೊಡುತ್ತದೆ: ನೀವು ದೇವರಾದ ಯೆಹೋವನ ಮಕ್ಕಳು. ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನ ಎದುರು ನಿಂತ, ಬಾಳನೆಂಬ ಅನ್ಯದೇವರ ಪ್ರವಾದಿಗಳು ತಮ್ಮ ದೇವರು ಓಗೊಡಲಿ ಎಂದು ಕತ್ತಿ, ಈಟಿಗಳಿಂದ ರಕ್ತ ಸೋರುವವರೆಗೆ ಇರಿದುಕೊಂಡರು. ಇಂಥ ಲೋಕದಲ್ಲಿ ಮೈಮೇಲಿನ ಗಾಯವೂ ಗುರುತೂ ಬರೀ ಅಲಂಕಾರವಾಗಿರಲಿಲ್ಲ. ಇವನು ಯಾರ ಸೊತ್ತು ಎಂದು ಹೇಳುತ್ತಿದ್ದವು. ನಿಮ್ಮ ಮೈ ಸತ್ತವರಿಗೆ ಸೇರಿದ್ದಲ್ಲ, ಬಾಳನಿಗೆ ಸೇರಿದ್ದಲ್ಲ, ನಾನು ಯೆಹೋವನು. ವಚನದ ಕೊನೆಯಲ್ಲಿರುವ ಈ ಎರಡು ಪದಗಳೇ ಅದರ ಪ್ರಾಣ ಎಂದು ನನ್ನ ನಂಬಿಕೆ. ನಾವು ಕಂಠಪಾಠ ಒಪ್ಪಿಸುವಾಗ ಅವನ್ನೇ ಅವಸರದಲ್ಲಿ ನುಂಗಿಬಿಡುತ್ತೇವೆ.

ಮುಂದೆ ಅನ್ಯಜನರು ಸಭೆಗೆ ಬರತೊಡಗಿದಾಗ ಮೋಶೆಯ ನಿಯಮದ ಎಷ್ಟು ಭಾರವನ್ನು ಅವರ ಮೇಲೆ ಹೊರಿಸಬೇಕು ಎಂಬ ಜಗಳ ಎದ್ದಿತು. ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಕೂಡಿ ತೀರ್ಮಾನ ಮಾಡಿದ್ದು ಅಪೊಸ್ತಲರ ಕೃತ್ಯಗಳು 15ರಲ್ಲಿದೆ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಇವನ್ನು ಬಿಡಿ ಎಂದರು. ಹಚ್ಚೆಯ ಹೆಸರು ಆ ಪತ್ರದಲ್ಲಿಲ್ಲ. ಅದನ್ನು ಓದಿದ ಅಂತಿಯೋಕ್ಯದ ವಿಶ್ವಾಸಿಗಳು ಸಂತೋಷಪಟ್ಟರು ಎಂದು ಲೂಕ ಬರೆಯುತ್ತಾನೆ. ಆ ಸಂತೋಷವನ್ನು ನಮ್ಮ ಮಕ್ಕಳಿಂದ ಕಿತ್ತುಕೊಳ್ಳುವ ಅಧಿಕಾರ ನಮಗೆಲ್ಲಿಂದ ಬಂತು?

ಟ್ಯಾಟೂ ಪರವಾಗಿ ಮಾತಾಡುವ ಹುಡುಗರು ಗಲಾತ್ಯ 6:17 ತರುತ್ತಾರೆ. ಯೇಸುವಿನ ಗುರುತುಗಳನ್ನು ನನ್ನ ದೇಹದಲ್ಲಿ ಹೊತ್ತಿದ್ದೇನೆ ಎಂದು ಅಪೊಸ್ತಲ ಪೌಲನೇ ಹೇಳಿದ್ದಾನಲ್ಲ, ಮತ್ತೇನು? ಇದನ್ನು ನಾನು ಒಪ್ಪುವುದಿಲ್ಲ. ಪೌಲನ ಮೈಮೇಲಿದ್ದದ್ದು ಶಾಯಿಯಲ್ಲ. ಐದು ಸಲ ಒಂದು ಕಡಿಮೆ ನಲವತ್ತು ಏಟು, ಮೂರು ಸಲ ಕೋಲಿನ ಪೆಟ್ಟು, ಲುಸ್ತ್ರದಲ್ಲಿ ಕಲ್ಲೇಟು. ಆ ಬಾಸುಂಡೆಗಳೇ ಅವನ ಗುರುತು. ಅಲ್ಲದೆ ಗಲಾತ್ಯದ ಪತ್ರ ಹುಟ್ಟಿದ್ದೇ ಮೈಮೇಲಿನ ಗುರುತೊಂದರ ಜಗಳದಿಂದ. ಸುನ್ನತಿ ಇಲ್ಲದವನು ಪೂರಾ ದೇವಜನನಲ್ಲ ಎನ್ನುತ್ತಿದ್ದವರಿಗೆ ಪೌಲ ಕೊಟ್ಟ ಉತ್ತರ ಎರಡೇ ವಚನ ಹಿಂದಿದೆ. ಸುನ್ನತಿಯಾದರೂ ಏನೂ ಇಲ್ಲ, ಆಗದಿದ್ದರೂ ಏನೂ ಇಲ್ಲ, ಹೊಸ ಸೃಷ್ಟಿಯಾಗುವುದೇ ಮುಖ್ಯ. ಟ್ಯಾಟೂ ಚರ್ಚೆಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಹತ್ತಿರದ ಮಾತು ನನಗೆ ಕಂಡಿಲ್ಲ. ಮಣಿಕಟ್ಟಿನ ಮೇಲಿನ ಶಿಲುಬೆ ಯಾರನ್ನೂ ಒಂದು ಗೇಣು ಮೇಲಿನ ಕ್ರೈಸ್ತನನ್ನಾಗಿ ಮಾಡುವುದಿಲ್ಲ. ಅದು ಇದ್ದವನನ್ನು ಕೆಳಗಿಳಿಸುವುದೂ ಇಲ್ಲ.

ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿ ದೇವರ ವೈರಿಯಾದ ಮೃಗವೊಂದರ ಗುರುತನ್ನು ಜನರ ಕೈ, ಹಣೆಗಳ ಮೇಲೆ ಹಾಕಿಸುವ ಮಾತಿದೆ, ಅದರ ಸಂಖ್ಯೆ 666. ಆ ಗುರುತಿನ ಹೆದರಿಕೆ ಬೇರೆ ಇದೆ. ಆಧಾರ್ ಬಂದಾಗಲೂ ಮಿಜೋರಾಮಿನ ಕೆಲವು ವಿಶ್ವಾಸಿಗಳು 666 ಎಂದು ಹಿಂಜರಿದದ್ದುಂಟು. ಅವರಿಗೆ ಒಂದೇ ಮಾತು ಹೇಳಬಯಸುತ್ತೇನೆ. 13ನೇ ಅಧ್ಯಾಯ ಮುಗಿದು 14 ತೆರೆದ ಕೂಡಲೇ ಕುರಿಮರಿಯಾದ ಕ್ರಿಸ್ತನ ಜೊತೆ ನಿಂತವರ ಹಣೆಯ ಮೇಲೂ ಬರಹವಿದೆ, ಅದು ತಂದೆಯ ಹೆಸರು. ಅಲ್ಲಿನ ಚಿಂತೆ ಹಣೆಯ ಮೇಲೆ ಯಾರ ಹೆಸರಿದೆ ಅನ್ನುವುದು.

ಆ ಹೆಸರಿನ ಕತೆ ಚರಿತ್ರೆಯಲ್ಲೂ ಹೀಗೇ ಸಾಗಿದೆ. ಗ್ರೀಕರ, ರೋಮನ್ನರ ಲೋಕದಲ್ಲಿ ಹಚ್ಚೆ ಬೀಳುತ್ತಿದ್ದದ್ದು ಗುಲಾಮರ ಮೇಲೆ, ಅಪರಾಧಿಗಳ ಮೇಲೆ. ಓಡಿಹೋಗಿ ಸಿಕ್ಕಿಬಿದ್ದ ಗುಲಾಮನ ಹಣೆಯಲ್ಲೇ ಬರೆದುಬಿಡುತ್ತಿದ್ದರು. ಹಿಂಸೆಯ ಕಾಲದಲ್ಲಿ ನಂಬಿಕೆ ಬಿಡದೆ ಗಣಿಗಳಿಗೆ ತಳ್ಳಲ್ಪಟ್ಟ ಕ್ರೈಸ್ತರಿಗೂ ಇದೇ ಗತಿಯಾಯಿತು. 4ನೇ ಶತಮಾನದ ಆರಂಭದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್, ಶಿಕ್ಷೆಗೊಳಗಾದವರ ಮುಖದ ಮೇಲೆ ಗುರುತು ಬರೆಯಬಾರದು ಎಂದು ಕಾನೂನು ತಂದ. ಬೇಕಿದ್ದರೆ ಕೈಕಾಲಿಗೆ ಬರೆಯಿರಿ, ಮುಖ ಮಾತ್ರ ಸ್ವರ್ಗದ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದು ಎಂಬುದು ಅವನು ಕೊಟ್ಟ ಕಾರಣ. ಅರ್ಧ ಕರುಣೆಯ ಕಾನೂನು ಅದು. ಆದರೂ ಮನುಷ್ಯನ ಮುಖ ದೇವರ ಪ್ರತಿರೂಪ ಎಂಬ ಮಾತು ಅಪರಾಧಿಗೂ ಅನ್ವಯಿಸುತ್ತದೆ ಎಂದು ರಾಜ್ಯವೊಂದು ಒಪ್ಪಿಕೊಂಡಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ನಾಚಿಕೆಯ ಆ ಗುರುತನ್ನೇ ಕ್ರೈಸ್ತರು ತಾವಾಗಿ ಕೈಗೆತ್ತಿಕೊಂಡರು. ಯೆಶಾಯ 44:5ರಲ್ಲಿ, ಒಬ್ಬನು ತಾನು ಯೆಹೋವನಿಗೆ ಸೇರಿದವನು ಎಂದು ತನ್ನ ಕೈಯಲ್ಲಿ ಬರೆದುಕೊಳ್ಳುವನು ಎಂಬ ಮಾತಿದೆ. ಗಾಜಾದಲ್ಲಿದ್ದ ಪ್ರೊಕೋಪಿಯಸ್ ಎಂಬ ಕ್ರೈಸ್ತ ಪಂಡಿತ ಸುಮಾರು 1500 ವರ್ಷಗಳ ಹಿಂದೆ ಈ ವಚನಕ್ಕೆ ಟಿಪ್ಪಣಿ ಬರೆಯುತ್ತಾ, ಬಹಳ ಮಂದಿ ಕ್ರೈಸ್ತರು ಮಣಿಕಟ್ಟಿನ ಮೇಲೋ ತೋಳಿನ ಮೇಲೋ ಶಿಲುಬೆಯನ್ನು ಅಥವಾ ಕ್ರಿಸ್ತನ ಹೆಸರನ್ನು ಗುರುತು ಹಾಕಿಸಿಕೊಳ್ಳುತ್ತಾರೆ ಎಂದು ಹೇಳಿದ್ದಾನೆ. 8ನೇ ಶತಮಾನದ ಕೊನೆಯಲ್ಲಿ ಪೋಪರ ಪ್ರತಿನಿಧಿಗಳು ಇಂಗ್ಲೆಂಡಿಗೆ ಹೋಗಿ ಸಭೆ ಸೇರಿಸಿದಾಗ ಅಲ್ಲಿನವರ ಹಚ್ಚೆಯ ವಿಷಯ ಬಂತು. ಪೇಗನ್, ಅಂದರೆ ಅನ್ಯಧರ್ಮದ, ಮೂಢನಂಬಿಕೆಯಿಂದ ಹಾಕಿಸಿಕೊಂಡದ್ದು ರಕ್ಷಣೆಗೆ ಉಪಯೋಗವಿಲ್ಲ, ದೇವರಿಗೋಸ್ಕರ ಯಾರಾದರೂ ಈ ನೋವು ತಾಳಿಕೊಂಡರೆ ಅವರಿಗೆ ಪ್ರತಿಫಲವಿದೆ ಎಂಬರ್ಥದ ತೀರ್ಮಾನ ಬರೆದಿಟ್ಟರು. ಶಾಯಿಯನ್ನಲ್ಲ, ಅದರ ಹಿಂದಿನ ಭಕ್ತಿಯನ್ನು ತೂಗಿದರು. ಇದು ನನಗೆ ಬಹಳ ವಿವೇಕದ ದಾರಿಯಾಗಿ ಕಾಣುತ್ತದೆ. 2018ರ ಮಾರ್ಚಿನಲ್ಲಿ ರೋಮಿನಲ್ಲಿ ಯುವಜನರ ಜೊತೆ ಮಾತಾಡುತ್ತಾ ಪೋಪ್ ಫ್ರಾನ್ಸಿಸ್ ಟ್ಯಾಟೂಗಳಿಗೆ ಹೆದರಬೇಡಿ ಎಂದದ್ದೂ, ಎರಿಟ್ರಿಯದ ಕ್ರೈಸ್ತರು ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುವುದನ್ನು ನೆನೆದದ್ದೂ ಇದೇ ದಾರಿಯಲ್ಲಿ. ಅತಿಯಾದರೆ ಬೇರೆ ಮಾತು, ಆದರೆ ಆ ಗುರುತಿನಿಂದ ಯುವಕರೊಡನೆ ಮಾತು ಶುರುಮಾಡಬಹುದು ಅನ್ನುವುದು ಅವರ ಭಾವವಾಗಿತ್ತು.

ಯೆರೂಸಲೇಮಿನ ಹಳೇ ಪಟ್ಟಣದಲ್ಲಿ ಯಾಫಾ ಬಾಗಿಲಿನ ಹತ್ತಿರ ರಜ್ಜೂಕ್ ಎಂಬ ಮನೆತನದವರ ಟ್ಯಾಟೂ ಅಂಗಡಿ ಇದೆ. ಈಜಿಪ್ಟಿನಿಂದ ಬಂದ ಕಾಪ್ಟಿಕ್ ಕ್ರೈಸ್ತರು, ಅಂದರೆ ಆ ನಾಡಿನ ಪುರಾತನ ಸಭೆಯವರು. 1300ರಿಂದ ಈ ಕಸುಬು ತಮ್ಮ ಮನೆಯಲ್ಲಿದೆ ಎನ್ನುತ್ತಾರೆ. ಆಲಿವ್ ಮರದ ತುಂಡಿನಲ್ಲಿ ಕೆತ್ತಿದ ಅಚ್ಚುಗಳು ಅವರ ಬಳಿ ಇವೆ: ಯೆರೂಸಲೇಮಿನ ಶಿಲುಬೆ, ಪುನರುತ್ಥಾನದ ಚಿತ್ರ, ಕುದುರೆ ಏರಿದ ಸಂತ ಜಾರ್ಜ್. ಅಚ್ಚಿಗೆ ಶಾಯಿ ಹಚ್ಚಿ ಚರ್ಮದ ಮೇಲೆ ಒತ್ತುತ್ತಾರೆ, ಮೂಡಿದ ಗೆರೆಯ ಮೇಲೆ ಸೂಜಿ ಓಡಿಸುತ್ತಾರೆ. ಹೆಚ್ಚಿನ ಗಿರಾಕಿಗಳು ಯಾತ್ರಿಕರು. ಕ್ರಿಸ್ತನ ಸಮಾಧಿಯ ಸ್ಥಳ ನೋಡಿ ಬಂದೆ ಅನ್ನುವುದಕ್ಕೆ ಮೈಮೇಲೆ ಒಂದು ಗುರುತು, ಅದರ ಕೆಳಗೆ ಇಸವಿ. 1862ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, ತೋಳಿನ ಮೇಲೆ ಯೆರೂಸಲೇಮಿನ ಶಿಲುಬೆ ಹಾಕಿಸಿಕೊಂಡು ಬಂದ. ಯಾತ್ರೆಯ ಗುರುತು ನನಗೆ ಇಷ್ಟ. ಆದರೆ ಅದು ಹೋಗಿ ಬಂದವರ ಗುರುತು. ಅಲ್ಲೇ ಇದ್ದುಕೊಂಡು ಬದುಕಬೇಕಾದವರ ಗುರುತು ಬೇರೆಯದೇ.

ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಬಲಗೈ ನೋಡಿ. ಮಣಿಕಟ್ಟಿನ ಒಳಬದಿಯಲ್ಲಿ, ನಾಡಿ ಹಿಡಿದು ನೋಡುವ ಜಾಗಕ್ಕೆ ಹತ್ತಿರ, ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡ ಶಿಲುಬೆ. ನಾಲ್ಕೂ ತೋಳು ಸಮ. ಚಿಕ್ಕಂದಿನಲ್ಲಿ ಹಾಕಿಸಿದ್ದಾದರೆ ಕೈ ಬೆಳೆದಂತೆ ಗೆರೆ ಅಗಲವಾಗಿ, ಕಪ್ಪು ಹೋಗಿ ಹಸಿರು ನೀಲಿಗೆ ತಿರುಗಿರುತ್ತದೆ. ಮಠಗಳ ಜಾತ್ರೆಗಳಲ್ಲಿ, ಕೈರೋದ ಮುಕತ್ತಮ್ ಬೆಟ್ಟದಲ್ಲಿರುವ ಸಂತ ಸಿಮೋನನ ಮಠದಂಥ ಕಡೆ, ಮಷಿನ್ ಇಟ್ಟುಕೊಂಡು ಕೂತವರ ಮುಂದೆ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೈ ಚಾಚಿಸುತ್ತಾರೆ. ಮಗು ಕಿರುಚುತ್ತದೆ, ತಾಯಿ ಕೈ ಬಿಡುವುದಿಲ್ಲ.

ಆ ತಾಯಿಗೆ ಗೊತ್ತು, ಈ ಗುರುತು ಮಗುವಿನ ಬದುಕನ್ನು ಸುಲಭ ಮಾಡುವುದಿಲ್ಲ. ಕೆಲಸ ಕೇಳಲು ಹೋದಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಕೈ ಕುಲುಕಿದಾಗ, ಬಾಯಿ ಬಿಡುವ ಮೊದಲೇ ಆ ಕೈ ಹೇಳಿಬಿಡುತ್ತದೆ. 2017ರ ಗರಿಗಳ ಭಾನುವಾರ ತಾಂತಾ ಮತ್ತು ಅಲೆಕ್ಸಾಂಡ್ರಿಯದ ಚರ್ಚುಗಳಲ್ಲಿ ಬಾಂಬ್ ಸಿಡಿಯಿತು. ದಾಳಿಗಳಿಗೆ ಹೆದರಿ ಚರ್ಚಿನ ಬಾಗಿಲಲ್ಲಿ ಒಳಬರುವವರ ಮಣಿಕಟ್ಟು ನೋಡಿ ಬಿಡುವ ಪದ್ಧತಿ ಹಲವು ಕಡೆ ಇದೆ. ಒಳಗೆ ಬಿಡುವುದೂ ಅದೇ ಶಿಲುಬೆ, ಹೊರಗೆ ಗುರಿಯಾಗಿಸುವುದೂ ಅದೇ ಶಿಲುಬೆ. 2015ರ ಫೆಬ್ರುವರಿಯಲ್ಲಿ ಲಿಬಿಯದ ಸಮುದ್ರತೀರದಲ್ಲಿ 21 ಮಂದಿಯ ಕೊರಳು ಕೊಯ್ದ ವಿಡಿಯೋ ಬಂದದ್ದು ನಿಮಗೆ ನೆನಪಿರಬಹುದು. ಕೂಲಿ ಹುಡುಕಿಕೊಂಡು ಹೋದವರು ಅವರು. 20 ಮಂದಿ ಕಾಪ್ಟಿಕ್ ಕ್ರೈಸ್ತರು, ಒಬ್ಬ ಘಾನಾ ದೇಶದವನು. ಅವರನ್ನು ಕಾಪ್ಟಿಕ್ ಸಭೆ ಹುತಾತ್ಮರೆಂದು ಘೋಷಿಸಿತು. 2023ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆಯೂ ತನ್ನ ಹುತಾತ್ಮರ ಪಟ್ಟಿಗೆ ಸೇರಿಸಿಕೊಂಡಿತು.

ಈ ಜನರ ಮುಂದೆ ನಿಂತು "ಹಚ್ಚೆ ಹಾಕಿಸಿಕೊಂಡವನು ಕ್ರೈಸ್ತನೇ ಅಲ್ಲ" ಎಂದು ಹೇಳಲು ನಮ್ಮಲ್ಲಿ ಯಾರಿಗೆ ಬಾಯಿ ಬರುತ್ತದೆ? ಹಾಗೆಯೇ, ಬ್ರಿಗೇಡ್ ರಸ್ತೆಯಲ್ಲಿ ಎಸಿ ಹಾಕಿದ ಸ್ಟುಡಿಯೋದಲ್ಲಿ ಆಲ್ಬಮ್ ಮಗುಚಿ ಶಿಲುಬೆ ಆರಿಸುವ ಹುಡುಗ ಹುಡುಗಿಯರಿಗೂ ಒಂದು ಮಾತು ಹೇಳಲೇಬೇಕು. ನೀವು ಹಾಕಿಸಿಕೊಳ್ಳಲು ಹೊರಟ ಗುರುತಿಗೆ ಬೇರೆ ಕಡೆ ಜನ ಪ್ರಾಣವನ್ನು ಬೆಲೆಯಾಗಿ ಕೊಟ್ಟಿದ್ದಾರೆ. ಅದನ್ನು ತಿಳಿದು ಹಾಕಿಸಿಕೊಳ್ಳಿ.

ಬೋಸ್ನಿಯಾದಲ್ಲೂ ಒಂದು ಪದ್ಧತಿ ಇತ್ತು. ಅಲ್ಲಿನ ಕ್ಯಾಥೊಲಿಕ್ ಹೆಣ್ಣುಮಕ್ಕಳು ತುರ್ಕರ ಆಳ್ವಿಕೆಯ ಕಾಲದಲ್ಲಿ ಬೆರಳು, ಅಂಗೈಯ ಹಿಂಬದಿ, ಮುಂಗೈಗಳ ತುಂಬ ಶಿಲುಬೆಗಳನ್ನು ಚುಚ್ಚಿಸಿಕೊಳ್ಳುತ್ತಿದ್ದರು. ಚುಚ್ಚುತ್ತಿದ್ದವರೂ ಹೆಂಗಸರೇ, ಮಸಿಗೆ ಜೇನು ಮತ್ತು ಬಾಣಂತಿಯ ಎದೆಹಾಲು ಬೆರೆಸಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ದೀಪದ ಕಾಡಿಗೆ, ಸೊಪ್ಪಿನ ರಸ, ಎದೆಹಾಲು ಎಂಬ ಇದೇ ಪಾಕವನ್ನು ನಾನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೆ.

ಅಜ್ಜಿ ಗದಗ ಸೀಮೆಯವಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಾದರೂ ನಮ್ಮ ಮನೆತನಕ್ಕೆ ಸುವಾರ್ತೆ ಮುಟ್ಟಿದ್ದು ಬಹಳ ತಡವಾಗಿ. ಅಜ್ಜಿ ದೀಕ್ಷಾಸ್ನಾನ ತೆಗೆದುಕೊಂಡಾಗ ಆಕೆಗೆ ಮದುವೆಯಾಗಿ ಮಕ್ಕಳಾಗಿದ್ದವು. ಹಚ್ಚೆ ಅದಕ್ಕೂ ಎಷ್ಟೋ ವರ್ಷ ಮೊದಲಿನದು. ಎಡ ಮುಂಗೈಯಲ್ಲಿ ತುಳಸಿಕಟ್ಟೆ, ಅದರ ಪಕ್ಕ ಒಂದು ಚೇಳು, ಬಲಗೈಯಲ್ಲಿ ತೊಟ್ಟಿಲು, ಗದ್ದದ ಮೇಲೆ ಮೂರು ಚುಕ್ಕಿ. ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕೊರವಂಜಿ ಹಾಡು ಹೇಳುತ್ತಾ ಚುಚ್ಚುತ್ತಿದ್ದಳಂತೆ, ಹುಡುಗಿ ಹಾಡಿನ ಕಡೆ ಕಿವಿಗೊಟ್ಟು ನೋವು ಮರೆಯಲಿ ಎಂದು. ಸಾಯುವಾಗ ಬಂಗಾರ, ಬೆಳ್ಳಿ, ಹೊಲ, ಮನೆ ಯಾವುದೂ ಜೊತೆಗೆ ಬರುವುದಿಲ್ಲ, ಬರುವುದು ಹಚ್ಚೆಯೊಂದೇ ಎಂಬುದು ಆಗಿನ ಹೆಂಗಸರ ನಂಬಿಕೆ.

ಆ ಕೈಯಲ್ಲೇ ಅಜ್ಜಿ ಬೈಬಲ್ ಹಿಡಿಯುತ್ತಿದ್ದಳು. ಓದಲು ಬರುತ್ತಿರಲಿಲ್ಲ, ತೆರೆದು ತೊಡೆಯ ಮೇಲಿಟ್ಟುಕೊಂಡು ಯಾರಾದರೂ ಓದಿ ಹೇಳಲಿ ಎಂದು ಕಾಯುತ್ತಿದ್ದಳು. ಕರ್ತನ ಭೋಜನಕ್ಕೆ ಮುಂದೆ ಹೋಗಿ ಎರಡೂ ಕೈ ಚಾಚಿದಾಗ ಸೆರಗು ಸರಿದು ತುಳಸಿಕಟ್ಟೆಯೂ ಚೇಳೂ ಎಲ್ಲರಿಗೂ ಕಾಣುತ್ತಿದ್ದವು. ಒಮ್ಮೆ ಊರಿಗೆ ಬಂದ ಪ್ರಸಂಗಿಯೊಬ್ಬರು ಅದನ್ನು ಕಂಡು, ಇದು ಹಳೇ ಬದುಕಿನ ಗುರುತಮ್ಮಾ, ದೇವರ ಕ್ಷಮೆ ಕೇಳು ಎಂದರು. ಅಜ್ಜಿಗೆ ಸಿಟ್ಟು ಬರಲಿಲ್ಲ. "ಅಯ್ಯಾರ, ಈ ಕೈ ಹಿಂಗ ಇದ್ದಾಗನ ಯೇಸಪ್ಪ ಹಿಡಕೊಂಡಾನ. ಈಗ ಬಿಡತಾನೇನು?" ಎಂದಳು. ಪ್ರಸಂಗಿಗಳು ಮತ್ತೆ ಆ ಮಾತೆತ್ತಲಿಲ್ಲ.

ಅಜ್ಜಿಯ ಮಾತು ನನಗೆ ಈಗ ಹೆಚ್ಚು ಬೇಕಾಗಿದೆ. ಏಕೆಂದರೆ ನಮ್ಮ ಸಭೆಗಳಿಗೆ ಈಗ ಬರುವ ಹೊಸ ವಿಶ್ವಾಸಿಗಳಲ್ಲಿ ಬಹಳ ಮಂದಿಯ ಮೈಮೇಲೆ ಏನಾದರೊಂದು ಇದ್ದೇ ಇರುತ್ತದೆ. ತೋಳಿನ ಮೇಲೆ ಮನೆದೇವರ ಹೆಸರು, ಎದೆಯ ಮೇಲೆ ತ್ರಿಶೂಲ, ಬಿಟ್ಟುಹೋದ ಹುಡುಗಿಯ ಹೆಸರು. ಅಳಿಸಿಕೊಂಡು ಬಾ, ಆಮೇಲೆ ದೀಕ್ಷಾಸ್ನಾನ ಎಂದು ಕೆಲವು ಕಡೆ ಹೇಳುವುದನ್ನು ಕೇಳಿದ್ದೇನೆ. ಲೇಸರ್‌ನಲ್ಲಿ ಅಳಿಸುವುದೆಂದರೆ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಹಲವು ಸಿಟ್ಟಿಂಗ್ ಬೇಕು, ಹಾಕಿಸುವಾಗಿನದಕ್ಕಿಂತ ಹೆಚ್ಚು ನೋವು, ಹೆಚ್ಚು ದುಡ್ಡು, ಆದರೂ ಪೂರ್ತಿ ಹೋಗುವ ಭರವಸೆಯಿಲ್ಲ. ಗಾರೆ ಕೆಲಸ ಮಾಡುವ ಹುಡುಗನ ಮುಂದೆ ಇಂಥ ಷರತ್ತು ಇಡುವುದು ಕೃಪೆಗೆ ಬೆಲೆ ಕಟ್ಟಿದ ಹಾಗೆ. ಯೇಸು ಥೋಮನಿಗೆ ತನ್ನ ಕೈ ತೋರಿಸಿದಾಗ ಮೊಳೆಯ ಗುರುತು ಹಾಗೇ ಇತ್ತು. ಮಹಿಮೆಯ ದೇಹದಲ್ಲೂ ಗಾಯದ ಕಲೆ ಉಳಿಸಿಕೊಂಡ ಕರ್ತನು, ತನ್ನ ಬಳಿ ಬರುವವರು ಕಲೆ ಅಳಿಸಿಕೊಂಡು ಬರಲಿ ಎಂದು ಕಾಯುತ್ತಾನೆಂದು ನಾನು ನಂಬಲಾರೆ. ಆ ಹುಡುಗನೇ ತನ್ನ ಮನಸ್ಸಾಕ್ಷಿಗಾಗಿ ಅಳಿಸಿಕೊಳ್ಳಬೇಕೆಂದರೆ ಅದು ಅವನ ಸ್ವಾತಂತ್ರ್ಯ. ಆಗ ಸಭೆ ಕೈಲಾದಷ್ಟು ಖರ್ಚು ಕೊಡಲಿ.

ಇನ್ನು ದೇವಾಲಯದ ಮಾತು. ನಿಮ್ಮ ದೇಹವು ಪವಿತ್ರಾತ್ಮನ ಆಲಯ, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು ಎಂದು 1 ಕೊರಿಂಥ 6ರಲ್ಲಿದೆ. ಅಲ್ಲಿ ಪೌಲ ಮಾತಾಡುತ್ತಿರುವುದು ಜಾರತ್ವದ ಬಗ್ಗೆ. ಆದರೂ ಆ ಮಾತನ್ನು ಟ್ಯಾಟೂಗೆ ಅನ್ವಯಿಸುವುದು ತಪ್ಪು ಎನ್ನಲಾರೆ, ಅದು ಅಷ್ಟು ದೊಡ್ಡ ಮಾತು. ಅನ್ವಯಿಸುವುದಾದರೆ ಪೂರ್ತಿಯಾಗಿ ಅನ್ವಯಿಸೋಣ. ಜಾತ್ರೆಯಲ್ಲಿ ಒಬ್ಬರಿಗೆ ಚುಚ್ಚಿದ ಸೂಜಿಯಲ್ಲೇ ಇನ್ನೊಬ್ಬರು ಚುಚ್ಚಿಸಿಕೊಳ್ಳುವುದು ಆ ಆಲಯದ ಮೇಲಿನ ನಿಜವಾದ ಅಪರಾಧ. ಹೆಪಟೈಟಿಸ್ ಬಿ, ಸಿ ಹರಡುವ ದಾರಿಗಳಲ್ಲಿ ಅದೂ ಒಂದು. ಹೊಸ ಸೂಜಿಯನ್ನು ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆದು ತೆಗೆಯಬೇಕು, ಶಾಯಿಯನ್ನು ನಿಮಗಾಗಿಯೇ ಬೇರೆ ಕಪ್ಪಿಗೆ ಸುರಿಯಬೇಕು, ಗ್ಲೋವ್ಸ್ ಇರಬೇಕು. ಶುಭ ಶುಕ್ರವಾರಕ್ಕೆ ನಮ್ಮ ಕೂಟ ರಕ್ತದಾನ ಶಿಬಿರ ಇಟ್ಟುಕೊಳ್ಳುತ್ತದೆ. ಟ್ಯಾಟೂ ಹಾಕಿಸಿಕೊಂಡವರಿಂದ ಬ್ಲಡ್ ಬ್ಯಾಂಕಿನವರು ತಿಂಗಳುಗಟ್ಟಲೆ ರಕ್ತ ತೆಗೆದುಕೊಳ್ಳುವುದಿಲ್ಲ, ಅದೂ ನೆನಪಿರಲಿ. ಸೇನೆಗೆ ಸೇರುವ ಆಸೆಯಿರುವ ಹುಡುಗರು ನೇಮಕಾತಿಯ ನಿಯಮ ಓದಿಕೊಳ್ಳಿ, ದೇಹದ ಯಾವ ಭಾಗದಲ್ಲಿ ಟ್ಯಾಟೂ ಇರಬಹುದು ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟಿದೆ.

ಸ್ವಾತಂತ್ರ್ಯ ಇದೆ ಎಂದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವೂ ನಮ್ಮದೇ. ಅಲ್ಲಿ ಊಟದ ವಿಷಯ ಬರುತ್ತದೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ನನ್ನ ಅನುಭವದಲ್ಲಿ ಹಿರಿಯರಿಗೆ ಎರಡನೆಯ ಅರ್ಧ ಕಷ್ಟ, ಯೌವನಸ್ಥರಿಗೆ ಮೊದಲನೆಯದು. ಟ್ಯಾಟೂ ಬೇಡ ಎನ್ನುವ ತಾಯಿಯನ್ನು ಹಳೇ ಕಾಲದವಳು ಎಂದು ತಳ್ಳಿಹಾಕುವುದೂ ತೀರ್ಪೇ. ಆ ತಾಯಿಯ ಹೆದರಿಕೆಯಲ್ಲಿ ಎಷ್ಟೋ ಸಂಗತಿಗಳಿವೆ. ನಾಳೆ ಸಂಬಂಧ ನೋಡಲು ಬಂದವರು ಏನಂದಾರು, ಸಭೆಯವರು ಏನಂದಾರು, ಮಗಳು ಕೈತಪ್ಪಿ ಹೋಗುತ್ತಿದ್ದಾಳೋ ಏನೋ. ಇದರಲ್ಲಿ ಕೆಲವಕ್ಕೆ ಬೆಲೆ ಕೊಡಬೇಕಿಲ್ಲ, ಕೊನೆಯದಕ್ಕೆ ಕೊಡಲೇಬೇಕು. ಕದ್ದು ಹಾಕಿಸಿಕೊಂಡು ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡ ಶಿಲುಬೆ ಯಾರಿಗೆ ಸಾಕ್ಷಿ?

ಹುಡುಗಿಗೆ ನಾನು ಹೇಳಿದ್ದು ಇದು. ಪಾಪವಲ್ಲ. ಪುಣ್ಯವೂ ಅಲ್ಲ. ಮೊದಲು ಅಮ್ಮನ ಜೊತೆ ಕೂತು ಯೆಶಾಯ 44 ಮತ್ತು 49 ಓದು. ನಿನ್ನನ್ನು ನನ್ನ ಅಂಗೈಯಲ್ಲಿ ಕೆತ್ತಿಕೊಂಡಿದ್ದೇನೆ ಎಂದು ದೇವರು ಚೀಯೋನಿಗೆ, ಅಂದರೆ ಯೆರೂಸಲೇಮಿಗೆ, ಹೇಳುವ ಮಾತು 49ರಲ್ಲಿದೆ. ಅವನ ಕೈಮೇಲೆ ನಿನ್ನ ಹೆಸರಿರುವುದು ಸಾಲದೇ ಎಂದು ನಿನ್ನನ್ನೇ ಕೇಳಿಕೋ. ಸಾಕು ಅನ್ನಿಸಿದರೆ ಬಿಡು. ಸಾಕು, ಆದರೂ ನನ್ನ ಕೈಯೂ ಅದನ್ನು ಹೇಳಲಿ ಅನ್ನಿಸಿದರೆ, ನಿನಗೆ ಬೇಡವಾದ ಜಾಗಗಳಲ್ಲೂ ಆ ಕೈ ಅದನ್ನು ಹೇಳುತ್ತದೆ ಎಂಬುದನ್ನು ಯೋಚಿಸು. ಆಫೀಸಿನ ಮೀಟಿಂಗಿನಲ್ಲಿ, ಮನೆ ಬಾಡಿಗೆಗೆ ಕೇಳಲು ಹೋದಾಗ, ನೀನು ಯಾರ ಮೇಲೋ ರೇಗಿ ಕೈ ಎತ್ತಿದಾಗ. ಇಷ್ಟಾದ ಮೇಲೂ ಬೇಕೆಂದರೆ ಹೇಳು, ಸ್ವಚ್ಛವಾದ ಸ್ಟುಡಿಯೋ ಹುಡುಕೋಣ, ಅಮ್ಮನನ್ನೂ ಕರೆದುಕೊಂಡು ಹೋಗೋಣ.

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಮುಗಿಯುವವರೆಗೆ ಯೋಚಿಸುತ್ತೇನೆ ಎಂದಿದ್ದಾಳೆ. ತಾಯಿ ಇನ್ನೂ ಒಪ್ಪಿಲ್ಲ, ಆದರೆ ಇಬ್ಬರೂ ಕೂತು ಓದುತ್ತಿದ್ದಾರೆ.

ಸಭೆಯ ಆಡಳಿತ ನೋಡಿಕೊಳ್ಳುವ ನಮ್ಮ ಪಾಸ್ಟೊರೇಟ್ ಕಮಿಟಿಗೆ ನನ್ನದೊಂದು ಮನವಿ ಹೋಗಿದೆ. ಮುಂಗೈ ಪೂರ್ತಿ ಟ್ಯಾಟೂ ಇರುವ ಹುಡುಗನೊಬ್ಬನನ್ನು, ಮುಂದಿನ ಸಾಲಿನಲ್ಲಿ ಎಲ್ಲರಿಗೂ ಕಾಣುತ್ತದೆ ಎಂಬ ಕಾರಣಕ್ಕೆ, ಕ್ವಾಯರ್‌ನಿಂದ ಬಿಡಿಸಬೇಕೆಂಬ ಮಾತು ಬಂದಿದೆ. ಅವನು ಟೆನರ್ ಹಾಡುತ್ತಾನೆ, ಪ್ರಾಕ್ಟೀಸ್ ಒಂದು ದಿನವೂ ತಪ್ಪಿಸಿದವನಲ್ಲ. ಹಾಗೆ ಬಿಡಿಸಕೂಡದು, ಟ್ಯಾಟೂ ಬಗ್ಗೆ ಸಭೆಯಲ್ಲಿ ಯಾವ ನಿಯಮವನ್ನೂ ಬರೆಯಕೂಡದು ಎಂದು ಬರೆದುಕೊಟ್ಟಿದ್ದೇನೆ. ಮುಂದಿನ ತಿಂಗಳ ಮೀಟಿಂಗಿನಲ್ಲಿ ಅದು ಚರ್ಚೆಗೆ ಬರುತ್ತದೆ. ನಮ್ಮ ಸಭೆಯವರು ಇದನ್ನು ಓದುತ್ತಿದ್ದರೆ ಅವತ್ತು ದಯವಿಟ್ಟು ಬನ್ನಿ.